ಅಪ್ಪನ ಅಂಗೈಗೆ ಅವ್ವನ ಕಾಲು

ಬಸವಕಲ್ಯಾಣದ ಕಡೆಯ ಕೊಹಿನೂರಿನಲ್ಲಿ, ಹೊಲದ ಬದುವಿನಿಂದ ಜಾರಿ ಬಿದ್ದು ಅವ್ವ ಮೊಣಕಾಲ ಕೆಳಗಿನ ಎಲುಬು ಮುರಿದುಕೊಂಡಳು. ದೊಡ್ಡ ದವಾಖಾನೆಯವರು ಹೊಸದಾಗಿ ಪರೀಕ್ಷಿಸುತ್ತಿದ್ದ ಪ್ಲೇಟೊಂದನ್ನು, ನಮ್ಮನ್ನು ಕೇಳಿಯೇ, ಒಳಗೆ ಕೂರಿಸಿದರು. ಅದರ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂಬುದನ್ನು ಕಾಲಿಗೆ ಸುತ್ತಿದ ಪಟ್ಟಿಯೊಂದು ತಂತಿಯಿಲ್ಲದೆ ತಿಳಿದು, ಮೊಬೈಲಿನ ಮೂಲಕ ಡಾಕ್ಟರಿಗೆ ಕಳಿಸುತ್ತದೆ. ಎಲುಬು ಕೂಡುತ್ತ ಬಂದ ಹಾಗೆ ಅದೇ ಭಾರ ಹೊರುವುದರಿಂದ, ಪ್ಲೇಟಿನ ಮೇಲಿನ ಭಾರ ಇಳಿಯಬೇಕು.

ಅವ್ವನನ್ನು ಹುಮನಾಬಾದಿನ ಮಾಣಿಕನಗರದ ನನ್ನ ಮನೆಗೆ ಕರೆತಂದೆ. ಕುರಿಗಳನ್ನು ನನ್ನ ತಮ್ಮನಿಗೆ ಒಪ್ಪಿಸಿ ಅಪ್ಪನೂ ಬಂದ. ದಿನಾ ಬೆಳಿಗ್ಗೆ ಅವ್ವ ಮಲಗಿಕೊಂಡೇ ಒಬ್ಬರ ಅಂಗೈಯನ್ನು, ಡಾಕ್ಟರು ತೋರಿಸಿದಷ್ಟು ಜೋರಿನಿಂದ, ಕಾಲಲ್ಲಿ ಒತ್ತಬೇಕು. ನಾನು ಹೊಲಿಗೆ ಅಂಗಡಿಗೆ ಓಡುವವಳು. ಕೈ ಕೊಡುವ ಕೆಲಸ ಅಪ್ಪನದು.

ಮೊಬೈಲಿನಲ್ಲಿ ಪ್ಲೇಟಿನ ಮೇಲಿನ ಭಾರ ಮೊದಲಿಂದಲೂ ಕಡಿಮೆಯೇ ಕಂಡಿತು. ಎಲುಬು ಕೂಡಿತೆಂದು ನಾನು ಓಣಿಗೆಲ್ಲ ಸಕ್ಕರೆ ಹಂಚಲು ಹೊರಟಿದ್ದೆ. ಅಷ್ಟರಲ್ಲಿ ಡಾಕ್ಟರ ಫೋನು.

"ಇಷ್ಟ್ ಲಗೂನ ಯಾರ ಎಲುಬೂ ಕೂಡಂಗಿಲ್ರಿ. ಇದನ್ನ ನಂಬಿ ನಡೆಸಿದ್ರ ಪ್ಲೇಟ್ ಮುರೀತದ, ಮತ್ತ ಆಪರೇಷನ್ ಮಾಡಬೇಕಾಗ್ತದ."

ಮರುದಿನ ಅಂಗಡಿ ಬಿಟ್ಟು ಎದುರಿಗೇ ಕೂತೆ. ಅವ್ವನ ಪಾದ ಅಪ್ಪನ ಅಂಗೈಗೆ ತಾಗಿತೋ ಇಲ್ಲವೋ, ಹಿಂದೆ ಸರಿಯಿತು. ಅಷ್ಟಕ್ಕೇ ಅವಳು ಅವನ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

"ಒತ್ತಬೇಕವ್ವಾ! ಏನ್ ಮಾಡಾಕತ್ತಿ ನೀ?" ರೇಗಿದೆ.

"ಗಂಡಗ ಕಾಲ್ ಹಚ್ಚಿದ್ರ ಪಾಪ ಬರ್ತದ."

ಅಯ್ಯೋ ಶಿವನೇ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನೇ ಕೈ ಕೊಡುತ್ತೇನೆಂದರೆ ಅಪ್ಪ ಜಗ್ಗಲಿಲ್ಲ.

"ನೀ ಸುಮ್ಕಿರು" ಎಂದು ಅವ್ವನ ಕಡೆ ತಿರುಗಿದ. "ಇಷ್ಟ್ ವರ್ಷ ಬಾಯಿಲೆ ಒದ್ದೀದಿ, ಆಗ ಪಾಪ ಬರಲಿಲ್ಲೇನ? ಒತ್ತು. ಪಾಪ ಬಂದ್ರ ನನಗ ಬರಲಿ. ನೀ ಹಾಸಗಿ ಹಿಡದ್ರ ನಾ ಯಾರ ಜೋಡಿ ಜಗಳಾಡ್ಲಿ?"

ಅವ್ವ ಕಣ್ಣು ಮುಚ್ಚಿ ಒತ್ತಿದಳು. ಭಾರ ಒಮ್ಮೆಲೇ ಏರಿತು. ಎಲುಬು ಇನ್ನೂ ಹಸಿ, ಅದೇ ಖರೆ ಸುದ್ದಿ. ಅಂದಿನಿಂದ ಅಪ್ಪ ದಿನಾ ಕೈ ಕೊಟ್ಟ, ಅವ್ವ ಗೊಣಗುತ್ತಲೇ ಒತ್ತಿದಳು. ವಾರಗಳು ಕಳೆದಂತೆ, ಅಷ್ಟೇ ಜೋರಾಗಿ ಒತ್ತಿದರೂ ಭಾರ ತಾನಾಗಿ ಇಳಿಯತೊಡಗಿತು.

ಕೊನೆಗೆ ಎಕ್ಸ್‌ರೇಯನ್ನೂ ನೋಡಿದ ಡಾಕ್ಟರು, "ಎಲುಬು ಕೂಡ್ಯದ, ಇನ್ನ ನಡೀರಿ" ಎಂದರು. ನಾನು ಕುಣಿಯುವುದೊಂದು ಬಾಕಿ. ಅವ್ವ ಮಾತ್ರ, ನಾನು ಹುಟ್ಟಿದಾಗಿನಿಂದ ಕಂಡಿರದ ಹಾಗೆ, ಎಲ್ಲರೆದುರು ಅಪ್ಪನ ಕೈ ಹಿಡಿದು ಅಂಗೈ ತಿರುವಿ ನೋಡಿದಳು.

"ಭಾಳ ನೋವಾತೇನ್ರಿ?"

ಮಾತಿಗೆ ಮಾತು ಕೊಡುವ ಅಪ್ಪ ಆ ಕೈಯನ್ನು ಹಾಗೇ ಅವಳ ಕೈಯಲ್ಲಿ ಬಿಟ್ಟ.