ಹೂಂ ಅನ್ನುವ ದೀಪ

ಬಂಕಾಪುರದ ಆ ರೇಡಿಯೊ ರಿಪೇರಿಯವರು ಏನೇ ಹೇಳಿದರೂ ಕೊನೆಗೆ, “ಹೂಂ ಅನ್ರಿ,” ಎನ್ನುತ್ತಿದ್ದರು. ನಾವು ಅನ್ನುವವರೆಗೆ ಸ್ಕ್ರೂಡ್ರೈವರು ಗಾಳಿಯಲ್ಲೇ ನಿಂತಿರುತ್ತಿತ್ತು. ನಾನೋ ಸದಾ ಅಂಜುವವನು. ಎರಡೆರಡು ಸಲ ಅನ್ನುತ್ತಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ ಅವರ ಪಕ್ಕದ ಖೋಲಿಗೆ ವಿಡಿಯೊ ಗೇಮಿನ ಯಂತ್ರ ಬಂತು. ಮಾಲೀಕರು ಎದುರಿನ ಬಟ್ಟೆ ಅಂಗಡಿಯ ಸಾಹುಕಾರರು. ಯಂತ್ರದಿಂದ ಆ ಅಂಗಡಿಗೆ ರಸ್ತೆಯ ಮೇಲಿಂದ ವೈರು ಎಳೆದವರು ರಿಪೇರಿಯವರೇ. ಯಂತ್ರದಲ್ಲಿ ನಾಣ್ಯ ಬಿದ್ದರೆ ಸಾಹುಕಾರರ ಗಾದಿಯ ಬಳಿ ಗಂಟೆ ಬಡಿಯುತ್ತಿತ್ತು. ಅವರು ಗುಂಡಿ ಒತ್ತಿದರೆ ಯಂತ್ರದ ಮೇಲೆ ದೀಪ ಹತ್ತಬೇಕು.

“ಆ ದೀಪ ನಿಮ್ಮ ಹೂಂ ಇದ್ದಂಗರಿ, ಸಾಹುಕಾರ್ರ,” ಎಂದರು ರಿಪೇರಿಯವರು.

“ಡಬ್ಬಿಗೆ ನಾ ಹೂಂಗುಟ್ಲೇನು?” ಎಂದ ಸಾಹುಕಾರರು ಒಮ್ಮೆಯೂ ಒತ್ತಲಿಲ್ಲ.

ಒಂದು ಮಧ್ಯಾಹ್ನ ಆಟ ಜೋರಾಗಿ ನಡೆದಿತ್ತು, ಗಂಟೆ ಮಾತ್ರ ಸುಮ್ಮನಿತ್ತು. ಸಾಹುಕಾರರು ರಸ್ತೆ ದಾಟಿ ಬಂದು ಯಂತ್ರ ಕಾಯುವ ಹೆಂಗಸಿನ ಮೇಲೆ ಹರಿಹಾಯ್ದರು: “ಪುಕ್ಕಟ ಆಡಸ್ತೀಯೇನು? ನಾಳಿಂದ ಬರಬ್ಯಾಡ!”

ಆಕೆಯ ಮನೆ ನಡೆಯುತ್ತಿದ್ದದ್ದೇ ಆ ಪಗಾರದ ಮೇಲೆ. ನನ್ನ ರೇಡಿಯೊ ಬಿಚ್ಚಿಟ್ಟಿದ್ದ ರಿಪೇರಿಯವರು ತಲೆ ಎತ್ತಿ, “ಅಕ್ಕಾರ, ಹೂಂ ಅನಬ್ಯಾಡ್ರಿ. ಅನ್ನೂ ತನಕ ಮಾತು ಮುಟ್ಟಿಲ್ಲಂತ ತಿಳೀರಿ,” ಎಂದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಿಪೇರಿಯವರು ಮಾಳಿಗೆ ಹತ್ತಿ ನೋಡಿದರೆ, ಊರ ಕೋಟೆಯ ಕಡೆಯಿಂದ ಬಂದ ನವಿಲೊಂದು ಕುಳಿತು ವೈರು ಹರಿದಿತ್ತು. ಜೋಡಿಸಿ ಇಳಿದರು.

ಮರುದಿನ ಆಕೆ ಎಂದಿನಂತೆ ಬಂದು ಯಂತ್ರ ಒರೆಸಿದಳು. ರೇಡಿಯೊ ಸರಿಯಾಗಿದ್ದರೂ ನಾನು ಸುಳ್ಳೇ ಹೋಗಿ ಕುಳಿತಿದ್ದೆ. ಮೊದಲ ನಾಣ್ಯ ಬಿತ್ತು, ಆಚೆ ಗಂಟೆ ಬಡಿಯಿತು. ಸಾಹುಕಾರರು ಬಟ್ಟೆ ಅಳೆಯುತ್ತಲೇ ಇದ್ದರು. ಈಚೆ ರಿಪೇರಿಯವರ ಸ್ಕ್ರೂಡ್ರೈವರು ಗಾಳಿಯಲ್ಲಿ ನಿಂತಿತ್ತು.

ಬಹಳ ಹೊತ್ತಿನ ಮೇಲೆ ಯಂತ್ರದ ದೀಪ ಹತ್ತಿತು. ಇವರು ಸ್ಕ್ರೂಡ್ರೈವರು ಇಳಿಸಿ ಕೆಲಸಕ್ಕೆ ತೊಡಗಿದರು.