ಮಾವನವರ ಕಾರಿಗೆ ಕರೆಂಟು ತುಂಬಿಸಿದ್ದು

ನಾನು ಮಂಡ್ಯದ ಮನೆಗೆ ಸೊಸೆಯಾಗಿ ಬಂದಾಗ ಯುದ್ಧ ನಡೆಯುತ್ತಿತ್ತು. ಕಬ್ಬು ಬೆಳೆದು ನಾಲ್ಕು ಜನರ ಎದುರಿಗೆ ತಲೆಯೆತ್ತಿ ನಿಂತಿದ್ದ ನಮ್ಮ ಮಾವನವರು, ವರ್ಗವಾಗಿ ಹೋಗುತ್ತಿದ್ದ ಯಾರೋ ಅಧಿಕಾರಿಯಿಂದ ಒಂದು ಹಳೆಯ ಕಾರು ಕೊಂಡಿದ್ದರು. ಪೆಟ್ರೋಲು ರೇಷನ್ ಚೀಟಿಗೆ ಮಾತ್ರ ಸಿಗುತ್ತಿದ್ದ ಕಾಲ. ತಿಂಗಳಿಗೆ ನಾಲ್ಕು ದಿನ ಓಡಿದರೆ ಹೆಚ್ಚು. ಉಳಿದ ದಿನ ಅದು ಗಾಡಿ ಕೊಟ್ಟಿಗೆಯಲ್ಲಿ ಎತ್ತಿನ ಪಕ್ಕ ನಿಂತಿರುತ್ತಿತ್ತು. ಓಡದ ಕಾರಿನ ಬ್ಯಾಟರಿ ಸಾಯುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಅದು ತಿಳಿದದ್ದು ಮಳವಳ್ಳಿಯ ಗಂಡಿನ ಮನೆಯಲ್ಲಿ, ನಾದಿನಿಯ ವೀಳ್ಯಶಾಸ್ತ್ರದ ದಿನ. ಊಟ ಮುಗಿಸಿ, ತಾಂಬೂಲ ಹಿಡಿದು, ಎಲ್ಲರೂ ಕಾರಿನಲ್ಲಿ ಕೂತೆವು. ಮಾವನವರು ಸ್ಟಾರ್ಟರ್ ಗುಂಡಿ ಒತ್ತಿದರು. ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮತ್ತೆ ಒತ್ತಿದರೆ ಅಷ್ಟೂ ಇಲ್ಲ. ಬೀದಿಯವರೆಲ್ಲ ಬಂದು ಸುತ್ತ ನಿಂತರು. ಕೊನೆಗೆ ಬೀಗರೇ ತಮ್ಮ ಜೋಡೆತ್ತು ತಂದು, ಮುಂದೆ ಹಗ್ಗ ಕಟ್ಟಿ, ಇಳಿಜಾರಿನವರೆಗೆ ಎಳೆಸಿದರು. ಅಲ್ಲಿಂದ ಉರುಳಿದ ಮೇಲೆ ಎಂಜಿನ್ನು ಹತ್ತಿಕೊಂಡಿತು.

"ಬೀಗ್ರೇ, ಎತ್ತು ನಿಮ್ಮತ್ರನೇ ಇಟ್ಕಳಿ. ಮದ್ವೆಗೂ ಬೇಕಾಯ್ತವೆ" ಎಂದು ಅವರು ನಕ್ಕರು. ಮಾವನವರು ಹಿಂತಿರುಗಿ ನೋಡದೆ ಮಂಡ್ಯದ ಕಡೆ ಕಾರು ಬಿಟ್ಟರು. ಹಿಂದಿನ ಸೀಟಿನಲ್ಲಿ ನಾದಿನಿ ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದಳು. ಅವಳನ್ನು ನೋಡಿ ನನಗೂ ತಡೆಯಲಾಗಲಿಲ್ಲ.

ಮದುವೆ ಮುಂದಿನ ತಿಂಗಳು ವೈದ್ಯನಾಥಪುರದ ದೇವಸ್ಥಾನದಲ್ಲಿ. ಮದ್ದೂರಿಗೆ ಬಸ್ಸಿನಲ್ಲಿ ಬಂದಿಳಿಯುವ ಗಂಡನ್ನು ಅಲ್ಲಿಂದ ಕಾರಿನಲ್ಲೇ ಕರೆತರುತ್ತೇನೆಂದು ಮಾವನವರು ಮಾತು ಕೊಟ್ಟಾಗಿತ್ತು. ಬೆಂಗಳೂರಿನಿಂದ ಒಂದು ಕಬ್ಬಿಣದ ಪೆಟ್ಟಿಗೆ ತರಿಸಿದರು. ಮನೆಯ ಕರೆಂಟನ್ನು ಬ್ಯಾಟರಿಗೆ ಹೊಂದುವಂತೆ ಮಾಡಿ ಒಳಗೆ ತುಂಬಿಸುವ ಪೆಟ್ಟಿಗೆ ಅದು. ಆಗಿನ ಮನೆಗಳಲ್ಲಿ ದೀಪ ಬಿಟ್ಟರೆ ಕರೆಂಟಿಗೆ ಬೇರೆ ಬಾಯಿ ಎಲ್ಲಿತ್ತು? ನಡುಮನೆಯ ಬಲ್ಬು ಬಿಚ್ಚಿ, ಆ ಹೋಲ್ಡರಿನಿಂದಲೇ ತಂತಿ ಇಳಿಸಿದರು. ಬ್ಯಾಟರಿಯನ್ನು ಹೊತ್ತು ತಂದು ಕೆಳಗಿಟ್ಟರು. ಪೆಟ್ಟಿಗೆ ಗುಂಯ್ ಎಂದು ಹಾಡತೊಡಗಿತು. ಬ್ಯಾಟರಿಯೊಳಗೆ ಗುಳ್ಳೆ ಎದ್ದು ಮೂಗಿಗೆ ಚುರುಗುಟ್ಟುವ ವಾಸನೆ ಬಂತು. ಮಾವನವರು ಪಕ್ಕದಲ್ಲೇ ಮಂಚ ಹಾಕಿಸಿಕೊಂಡು, ಬೀಡಿ ಹಚ್ಚಿ, ಕಾವಲು ಮಲಗಿದರು. ಅವರಿಗೆ ಕಿವಿ ಸ್ವಲ್ಪ ಮಂದ, ನಿದ್ದೆ ಬಲು ಗಟ್ಟಿ.

ಬೆಳಿಗ್ಗೆ ಕಾರಿಗೆ ಹಾಕಿ ಗುಂಡಿ ಒತ್ತಿದರೆ ಅದೇ ಕೆಮ್ಮು. ಮೂರು ದಿನ ಹೀಗೇ ಆಯಿತು. ಎಲ್ಲರೂ ಒಂದೊಂದು ಕಾರಣ ಹೇಳಿದರು. ನನ್ನ ಗಂಡ ಬೆಂಗಳೂರಿನ ಅಂಗಡಿಯವನನ್ನು ಬೈದರು. ಮಾವನವರು ಊರಿನ ಕರೆಂಟಿಗೇ ಬಲವಿಲ್ಲ ಎಂದರು.

ಪೇಟೆಯ ಮೆಕಾನಿಕ್ ಸಾಹೇಬರಿಗೆ ಹೇಳಿಕಳಿಸಿದೆವು. ನೆರೆತ ಗಡ್ಡದ, ಸಾವಧಾನದ ಮನುಷ್ಯ. ಬ್ಯಾಟರಿಯಲ್ಲಿ ತಂತಿ ಸಿಕ್ಕಿಸುವ ಕಿವಿಗಳಿಗೆ ಕಟ್ಟಿದ್ದ ಬಿಳಿಯ ಬೂಷ್ಟನ್ನು ಬಿಸಿನೀರಿನಿಂದ ತೊಳೆದು, ಅದೇ ಕಾರಣವಿರಬೇಕು ಎಂದು ಹೊರಟುಹೋದರು. ಮರುದಿನವೂ ಕಾರು ಏಳಲಿಲ್ಲ. ಮತ್ತೆ ಬಂದರು. ಈ ಸಲ ನನ್ನ ಕೈಯಲ್ಲಿ ಒಂದು ಲೋಟ ಉಪ್ಪುನೀರು ತರಿಸಿ, ಪೆಟ್ಟಿಗೆಯ ಎರಡು ತಂತಿಗಳ ತುದಿಯನ್ನು ಅದರಲ್ಲಿ ಅದ್ದಿದರು.

"ನೋಡಮ್ಮ, ಈ ತಂತಿಲಿ ಗುಳ್ಳೆ ಜಾಸ್ತಿ ಏಳ್ತದೆ. ಇದು ಮೈನಸ್. ನೀವು ಕಟ್ಟಿದ್ದೂ ಬ್ಯಾಟ್ರಿ ಮೈನಸ್‌ಗೇ. ಅಲ್ಲಿಗೆ ತಂತಿ ತಿರುವು ಮುರುವು ಆಗಿಲ್ಲ."

ನಾನು ಲೋವರ್ ಸೆಕೆಂಡರಿ ಪರೀಕ್ಷೆಯವರೆಗೆ ಓದಿದವಳು. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದು ಲೋಟದೊಳಗೆ ಕಂಡು ಮೈ ಜುಮ್ಮೆಂದಿತು. ಅವರು ರಬ್ಬರ್ ಬುರುಡೆಯ ಗಾಜಿನ ಕೊಳವೆಯಿಂದ ಆಸಿಡ್ ಹೀರಿ, ಒಳಗಿನ ತೇಲು ಎಲ್ಲಿ ನಿಂತಿದೆ ಎಂದು ನನಗೂ ತೋರಿಸಿದರು; ಬ್ಯಾಟರಿ ತುಂಬಿದಷ್ಟೂ ಅದು ಮೇಲೇರುತ್ತದಂತೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಪೆಟ್ಟಿಗೆ ಹಾಕಿಟ್ಟು ಮತ್ತೆ ಹೀರಿದಾಗ ತೇಲು ಮೇಲೇರಿತ್ತು.

"ಪೆಟ್ಗೆ ಸರಿ ಅದೆ, ಬ್ಯಾಟ್ರಿನೂ ಸರಿ ಅದೆ. ಇನ್ನೂ ಪೂರ್ತಿ ತುಂಬ್ಬೇಕು. ಹಗಲಲ್ಲಿ ತುಂಬೋದು ರಾತ್ರಿ ಯಾಕ್ ತುಂಬಲ್ಲ?" ಎಂದು ಗಡ್ಡ ಕೆರೆದುಕೊಳ್ಳುತ್ತಾ ಹೋದರು.

ಕಾರಣ ನನಗೆ ಗೊತ್ತಾದದ್ದು ಮರುದಿನ ನಸುಕಿನಲ್ಲಿ, ಒಲೆ ಹಚ್ಚಲು ಎದ್ದಾಗ. ನಡುಮನೆಯಲ್ಲಿ ಸದ್ದಿಲ್ಲ. ಮಾವನವರು ಗೊರಕೆ ಹೊಡೆಯುತ್ತಿದ್ದಾರೆ. ಅತ್ತೆ ತುದಿಗಾಲಲ್ಲಿ ಬಂದು, ಗೋಡೆಯ ಸ್ವಿಚ್ಚನ್ನು ಮೆಲ್ಲಗೆ ಹಾಕಿದರು. ಪೆಟ್ಟಿಗೆ ಗುಂಯ್ ಎಂದಿತು. ತಿರುಗಿದವರು ನನ್ನನ್ನು ಕಂಡು ಬೆಚ್ಚಿದರು.

ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ದಿನಾ ಇವ್ರು ಕಣ್ಣು ಮುಚ್ತಿದ್ದಂಗೆ ನಾನೇ ಆರುಸ್ಬುಡ್ತೀನಿ ಕಣವ್ವ" ಎಂದರು. "ಅದು ಕಣಜದ ಗೂಡಂಗೆ ಗುಂಯ್ಗುಡ್ತದೆ. ಆ ವಾಸ್ನೆಗೆ ನಂಗೆ ಉಸ್ರು ಕಟ್ತದೆ. ಸಿಡಿದು ಇವ್ರ ಮೈಮ್ಯಾಲೆ ಬಿದ್ರೆ ಏನ್ ಮಾಡ್ಲಿ? ಏಳಿದ್ರೆ ಕೇಳೋ ಮನ್ಸನಾ? ಯಾರ್ಗೂ ಏಳ್ಬ್ಯಾಡ."

ಹೇಳುವುದಿಲ್ಲ ಎಂದೆ. ಹೇಳಿದರೆ ಅತ್ತೆಗೆ ದ್ರೋಹ, ಹೇಳದಿದ್ದರೆ ನಾದಿನಿಯ ಮದುವೆಯಲ್ಲಿ ಮತ್ತೆ ಎತ್ತು.

ಸಂಜೆ ಸಾಹೇಬರು ಬಂದಾಗ ಮಾವನವರ ತಾಳ್ಮೆ ಮುಗಿದಿತ್ತು. "ನಿಮ್ಗೆ ಕೆಲ್ಸ ಬರಾಕಿಲ್ಲ ಅಂತ ಒಪ್ಕಳಿ ಸಾಯ್ಬ್ರೇ. ಸುಮ್ಕೆ ಉಪ್ಪುನೀರು ಕಲಸ್ಕಂಡು ಆಟ ಆಡ್ತಿದೀರಿ" ಎಂದು ಜಗಲಿಯಲ್ಲೇ ಜೋರು ಮಾಡಿದರು. ಸಾಹೇಬರ ಮುಖ ಸಪ್ಪಗಾಯಿತು. ಚೀಲ ಕಟ್ಟತೊಡಗಿದರು.

ಪರರ ಎದುರಿಗೆ ಎಂದೂ ಜಗಲಿಗೆ ಬರದ ಅತ್ತೆ ಬಾಗಿಲು ದಾಟಿ ಬಂದರು. "ಅವ್ರನ್ಯಾಕ್ ಬೈತೀರಿ? ರಾತ್ರಿ ಕರೆಂಟ್ ಆರುಸ್ತಿದ್ದೋಳು ನಾನು. ಬಯ್ಯಂಗಿದ್ರೆ ನನ್ನೇ ಬಯ್ರಿ" ಎಂದವರೇ, ಭಯದಿಂದ ಹಿಡಿದು ವಾಸನೆಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು.

ಮಾವನವರು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಕೇಳಿದರು: "ಪೆಟ್ಗೆ ಇಟ್ಟಿರೋ ಜಾಗದಲ್ಲಿ ಕಿಟಕಿ ತೆಗ್ದಿರ್ತೀರಾ ಗೌಡ್ರೆ?"

"ಸೊಳ್ಳೆ ಬತ್ತವೆ ಅಂತ ಮುಚ್ಚಿರ್ತೀನಿ."

"ಬೀಡಿ?"

"ಮಲ್ಗೋ ಮುಂಚೆ ಒಂದೆರಡು."

ಸಾಹೇಬರು ಎರಡೂ ಕೈಗಳಿಂದ ತಲೆ ಹಿಡಿದುಕೊಂಡರು. "ಅಯ್ಯೋ ಅಲ್ಲಾ! ಬ್ಯಾಟ್ರಿ ತುಂಬೋವಾಗ ಬರೋ ಗಾಳಿ ಮುಚ್ಚಿದ ಮನೇಲಿ ಸೇರ್ಕೊಂಡ್ರೆ ಒಂದು ಕಡ್ಡಿ ಗೀರಿದ್ರೆ ಸಾಕು, ಢಂ ಅಂತದೆ. ಆ ತಾಯಿ ಹೆದ್ರಿದ್ದು ಸುಳ್ಳಲ್ಲ. ಇದನ್ನ ಮೊದ್ಲೇ ಕೇಳ್ದೆ ಇದ್ದದ್ದು ನನ್ ತಪ್ಪು."

ಮಾವನವರು ಕಿವಿಗೆ ಸಿಕ್ಕಿಸಿದ್ದ ಬೀಡಿ ತೆಗೆದು ಅಂಗಳಕ್ಕೆ ಎಸೆದರು. ಆಮೇಲೆ, "ಸಾಯ್ಬ್ರೇ, ಬೇಜಾರ್ ಮಾಡ್ಕಬ್ಯಾಡಿ" ಎಂದರು. ಅತ್ತೆಯ ಕಡೆ ತಿರುಗಿ, "ಕಾಪಿ ಕಾಯ್ಸು ಓಗು" ಎಂದರು. ಅವರ ಬಾಯಿಂದ ಅದಕ್ಕಿಂತ ಮೆತ್ತಗಿನ ಮಾತನ್ನು ನಾನು ಅದುವರೆಗೂ ಕೇಳಿರಲಿಲ್ಲ.

ಮರುದಿನವೇ ಪೆಟ್ಟಿಗೆ ಗಾಡಿ ಕೊಟ್ಟಿಗೆಗೆ ಹೋಯಿತು. ಅಲ್ಲಿಗೊಂದು ಬೇರೆ ತಂತಿ ಎಳೆಸಿದರು. ಹಗಲು ಹೊತ್ತಿನಲ್ಲಿ, ಬಾಗಿಲು ಪೂರ್ತಿ ತೆರೆದಿಟ್ಟು, ಬೀಡಿ ಸೇದುವವರನ್ನು ಹತ್ತಿರ ಸೇರಿಸದೆ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂತು. ಸಾಹೇಬರು ತಮ್ಮ ಹಳೆಯ ಗಾಜಿನ ಕೊಳವೆಯನ್ನು ನನಗೇ ಬಿಟ್ಟುಹೋದರು. ನನ್ನ ಎರಡು ಸೀರೆಗಳಿಗೆ ಆಸಿಡ್ ತಗುಲಿ ಜರಡಿಯಂತೆ ತೂತುಬಿದ್ದವು. ಆಮೇಲೆ ಗೋಣಿತಾಟು ಸುತ್ತಿಕೊಂಡೇ ಒಳಗೆ ಹೋಗುತ್ತಿದ್ದೆ.

ಮದುವೆಯ ದಿನ ಮದ್ದೂರಿನ ಬಸ್ಸು ನಿಲ್ಲುವಲ್ಲಿ ಬೀಗರು ಇಳಿದವರೇ ಕಾರಿನ ಸುತ್ತ ಒಂದು ಸುತ್ತು ಬಂದು, "ಎತ್ತೆಲ್ಲಿ ಬೀಗ್ರೇ?" ಎಂದರಂತೆ. ಮಾವನವರು ಒಳಗೆ ಕೂತು ಗುಂಡಿ ಒತ್ತಿದರಂತೆ. ಎಂಜಿನ್ನು ಒಂದೇ ಸಲಕ್ಕೆ ಹತ್ತಿ ಅಬ್ಬರಿಸಿತಂತೆ. ದೇವಸ್ಥಾನದ ಬಳಿ ಆರತಿ ತಟ್ಟೆ ಹಿಡಿದು ನಿಂತಿದ್ದ ನಮಗೆ ಕಾರಿನ ಹಾರ್ನು ದೂರದಿಂದಲೇ ಕೇಳಿಸಿತು. ನಿಲ್ಲಿಸದೆ ಒತ್ತುತ್ತಲೇ ಬರುತ್ತಿದ್ದರು. "ಅಷ್ಟೊಂದ್ ಒತ್ತುದ್ರೆ ಬ್ಯಾಟ್ರಿ ಮತ್ತೆ ಬರ್ದಾಯ್ತದಲ್ವೇನವ್ವ?" ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು.

"ಕಾರು ಓಡೋವಾಗ ಅದು ತಾನಾಗೇ ತುಂಬ್ಕೊಳ್ತದೆ ಅತ್ತೆ" ಎಂದೆ. ಅತ್ತೆ ತಲೆಯಾಡಿಸಿ, ಕರ್ಪೂರಕ್ಕೆ ಕಡ್ಡಿ ಗೀರಿದರು.