ಕೈಯಳತೆಯನ್ನು ತಗಡಿಗೆ ಇಳಿಸಿದ್ದು

ನನ್ನ ಮೊಮ್ಮಗಳು ಮಂಡ್ಯದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಮಾರನೆಯ ದಿನದ ಪಾಠವನ್ನು ಮೊದಲು ನನ್ನ ಮುಂದೆ ಒಪ್ಪಿಸುವುದು ಅವಳ ಅಭ್ಯಾಸ. ನನಗೆ ತಲೆಗೆ ಹತ್ತಿದರೆ ಯಾರಿಗಾದರೂ ಹತ್ತುತ್ತದಂತೆ. ಇದು ಹೊಗಳಿಕೆ ಅಲ್ಲ ಅಂತ ಗೊತ್ತು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು.

ಹೋದ ವಾರದ ಪಾಠ ಹೀಗಿತ್ತು. ಪ್ರೋಗ್ರಾಮಿನೊಳಗೆ ಫಂಕ್ಷನ್ ಅಂತ ಒಂದಿರುತ್ತದೆ. ಅದಕ್ಕೆ ಬೇಕಾದ್ದನ್ನು ಕೊಟ್ಟರೆ ಕೆಲಸ ಮುಗಿಸಿ ಕೊಡುತ್ತದೆ.

"ಮೂರು ಕೊಟ್ಟರೆ ನಡೆಯೋ ಫಂಕ್ಷನ್ ಅಂತಿಟ್ಕೊ ಅಜ್ಜಿ. ನೀನು ಒಂದೇ ಕೊಟ್ಟೆ. ಕೆಲಸ ಆಗಲ್ಲ. ಆದ್ರೆ ಕೊಟ್ಟಿದ್ದು ದಂಡವಾಗಲ್ಲ. ಅದನ್ನ ಹೊಟ್ಟೇಲಿಟ್ಕೊಂಡು ಒಂದು ಹೊಸ ಫಂಕ್ಷನ್ ಆಗುತ್ತೆ. ಅದು ಮಿಕ್ಕ ಎರಡನ್ನ ಮಾತ್ರ ಕೇಳುತ್ತೆ. ಇನ್ನೊಂದು ಕೊಟ್ರೆ ಬಾಕಿ ಒಂದು. ಕೊನೇದು ಕೊಟ್ಟಾಗ ಕೆಲಸ."

"ಮೊದಲ್ನೇದು ಕೊಟ್ಟೋಳು ಆಮ್ಯಾಕೂ ಅಲ್ಲೇ ಇರ್ಬೇಕಾ?"

"ಬೇಡ. ಯಾರ ಕೈಗೆ ಬೇಕಾದ್ರೂ ಕೊಡಬಹುದು. ಅದೇ ಅನುಕೂಲ."

ಯಾರಿಗೆ ಅನುಕೂಲ ಅಂತ ನಾನು ಕೇಳಲಿಲ್ಲ. ಆ ಕೆಲಸವನ್ನು ನಾನು ಎಪ್ಪತ್ತರ ದಶಕದಲ್ಲೇ ಮಾಡಿ ಕೆಟ್ಟವಳು.

ಆಗ ನಾನು ದುದ್ದದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ಆರೇಳು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಮನೆಯಲ್ಲಿ ನನ್ನ ಮಾತಿಗೆ ಕಾಸಿನ ಬೆಲೆ ಇರಲಿಲ್ಲ. ಆದರೆ ಬೀಗರೂಟದ ಮಸಾಲೆಗೆ ಸುತ್ತಿನವರು ನನ್ನನ್ನೇ ಕರೆಯುತ್ತಿದ್ದರು. ಮದುವೆ ಮುಗಿದ ಮೇಲೆ ಎರಡೂ ಕಡೆಯ ನೆಂಟರಿಗೆ ಹಾಕುವ ಬಾಡೂಟ ಅದು. ಕುರಿ ಕೊಯ್ಯುವುದು, ಬೇಯಿಸುವುದು ಗಂಡಸರು. ಮಸಾಲೆ ಅಳೆದು ಕೊಡುವವಳು ನಾನು. ಯಾವ ಪುಡಿ ಎಷ್ಟು ಅನ್ನುವುದು ನನ್ನ ಕೈಯಲ್ಲಿತ್ತು. ಮಿಕ್ಕ ಎರಡನ್ನು ಕೇಳುತ್ತಿದ್ದೆ: ಎಷ್ಟು ಕುರಿ? ಎಷ್ಟು ಎಲೆ? ಕುರಿಯ ಮೇಲೆ ಪುಡಿ, ಎಲೆಯ ಮೇಲೆ ತೆಂಗಿನಕಾಯಿ. ಹೊಳಲು ಕಡೆಯಿಂದಲೂ ನನಗೆ ಎತ್ತಿನ ಗಾಡಿ ಬರುತ್ತಿತ್ತು. ನಾನು ಹೋಗುವ ತನಕ ಒಲೆ ಹೊತ್ತಿಸುತ್ತಿರಲಿಲ್ಲ. ಗಾಡಿ ಬಂದ ದಿನ ನಮ್ಮತ್ತೆಯೂ ನನ್ನನ್ನು ಬೈಯುತ್ತಿರಲಿಲ್ಲ.

ಅಂಥದರಲ್ಲಿ ನಾನು ಬಸುರಿಯಾದೆ. ಏಳು ತುಂಬುತ್ತಲೇ ಮದ್ದೂರಿನ ಪಕ್ಕದ ತವರಿಗೆ ಹೋಗಬೇಕು. ಒಪ್ಪಿಕೊಂಡ ಬೀಗರೂಟ ಇನ್ನೂ ಮೂರಿದ್ದವು. ನನ್ನ ಮೈದುನನ ಹೆಂಡತಿ, ನನ್ನ ಓರಗಿತ್ತಿ, ಮಸಾಲೆ ರುಬ್ಬಲು ಯಾವಾಗಲೂ ನನ್ನ ಜೊತೆ ಬರುತ್ತಿದ್ದಳು. ಅವಳನ್ನೇ ಕಳಿಸೋಣ ಅಂದರೆ ಅವಳಿಗೆ ಓದು ಬಾರದು, ಸೇರು ಪಾವು ಹೇಳಿಕೊಟ್ಟರೆ ಹೊತ್ತು ಮುಳುಗುವುದರೊಳಗೆ ಮರೆಯುತ್ತಿದ್ದಳು. ಆಗ ನನಗೆ ಬುದ್ಧಿ ಓಡಿತು. ಮೂರು ಪುಡಿಯನ್ನು ಬೇರೆ ಬೇರೆ ಗಂಟು ಕಟ್ಟಿಕೊಂಡು ಮದ್ದೂರಿಗೆ ಹೋಗಿ, ತಗಡಿನ ಕೆಲಸದವನ ಮುಂದೆ ಒಂದು ಕುರಿಗೆ ಆಗುವಷ್ಟನ್ನು ನನ್ನ ಕೈಯಿಂದ ಎತ್ತಿಟ್ಟು, ಅಷ್ಟೇ ಹಿಡಿಯುವ ಅಳತೆ ಡಬ್ಬಿ ಮಾಡಿಸಿದೆ. ಕೊತ್ತಂಬರಿ ಪುಡಿಗೆ ದೊಡ್ಡ ಡಬ್ಬಿ, ಖಾರದ ಪುಡಿಗೆ ನಡುವಿನದು, ಚಕ್ಕೆ ಲವಂಗ ಗಸಗಸೆ ಕುಟ್ಟಿದ್ದಕ್ಕೆ ಚಿಕ್ಕದು.

"ಪಾವು ಸೇರೆಲ್ಲ ಬುಟ್ಟು ಇದ್ಯಾವ್ ಅಳತೆ ಕಣವ್ವ?" ಅಂದ ಅವನು.

"ನನ್ ಕೈಯಳತೆ. ಒಸಿ ಎಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ. ಪುಡಿ ಸುರ್ದು ನೋಡ್ಕಂಡು ಕತ್ತರ್ಸು."

ಊರಿಗೆ ಬಂದು ಓರಗಿತ್ತಿಯ ಮುಂದೆ ಮೂರನ್ನೂ ಸಾಲಾಗಿ ಇಟ್ಟೆ.

"ಒಂದ್ ಕುರಿಗೆ ಮೂರರಲ್ಲೂ ಒಂದೊಂದ್ ಸಲ. ಬಾಯಿ ಸಮಕ್ಕೆ ಸವರಿ ಅಳೆ. ಎಲ್ಡ್ ಕುರಿಗೆ ಎಲ್ಡ್ ಸಲ. ಆಮೇಲೆ ಎಲೆ ಎಷ್ಟು ಅಂತ ಕೇಳು, ಹತ್ತ್ ಎಲೆಗೆ ಒಂದ್ ಕಾಯಿ."

"ಅಷ್ಟೇನಾ ಅಕ್ಕ?"

"ಅಷ್ಟೇ ಕಣಮ್ಮಿ."

"ಇಷ್ಟಕ್ಕಾ ನಿಂಗೆ ಗಾಡಿ ಕಳುಸ್ತಿದ್ದದ್ದು?" ಅಂತ ನಕ್ಕಳು. ನಾನೂ ನಕ್ಕೆ.

ಗಂಡು ಮಗುವಾಯಿತು. ಐದು ತಿಂಗಳು ತುಂಬಿಸಿಕೊಂಡು ಬಂದೆ. ಬಂದ ದಿನವೇ ಓರಗಿತ್ತಿ ಡಬ್ಬಿಗಳನ್ನು ಬೂದಿ ಹಾಕಿ ಬೆಳಗಿ, "ತಕೊಳಕ್ಕ, ನಿನ್ ಸಾಮಾನು" ಅಂತ ಕೊಟ್ಟಳು. ಒಂದೂ ಸೊಟ್ಟಗಾಗಿರಲಿಲ್ಲ. ಒಡಹುಟ್ಟಿದವಳೂ ಇಷ್ಟು ಜೋಪಾನ ಮಾಡುತ್ತಿರಲಿಲ್ಲ ಅಂದುಕೊಂಡೆ.

ಮದುವೆ ಕಾಲ ಬಂತು. ಮಳವಳ್ಳಿ ಕಡೆಯ ನೆಂಟರ ಗಾಡಿ ಬಾಗಿಲಿಗೆ ಬಂದಾಗ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಡಬ್ಬಿ ಗಂಟು ಕಟ್ಟಿಕೊಂಡು ಹೊರಗೆ ಬಂದೆ. ಗಾಡಿಯವನು ತಲೆ ಕೆರೆದುಕೊಂಡ.

"ನೀವಲ್ಲ ಕಣವ್ವ. ಚಿಕ್ಕವ್ವಾರನ್ನ ಕರ್ಕಂಡ್ ಬಾ ಅಂದವ್ರೆ."

ಓರಗಿತ್ತಿ ತಲೆ ಬಾಚಿಕೊಂಡು ಸಿದ್ಧವಾಗೇ ಇದ್ದಳು. ಡಬ್ಬಿ ನನ್ನ ಹತ್ತಿರ ಇದೆಯಲ್ಲ, ಅದು ಹೇಗೆ ಅಳೆಯುತ್ತಾಳೋ ನೋಡೋಣ ಅಂದುಕೊಂಡೆ. ಕೆಟ್ಟರೆ ಕೆಡಲಿ ಅಂತಲೂ ಅಂದುಕೊಂಡೆ. ಕೆಡಲಿಲ್ಲ. ಅದಾದ ಮೇಲೆ ಎರಡು ಗಾಡಿ ಬಂದವು, ಎರಡೂ ಅವಳಿಗೇ.

ಒಂದು ತಿಂಗಳು ಕಳೆದು ತವರಿಗೆ ಹೋದಾಗ, ತಳ ಹೋದ ಬಕೆಟ್ ಹಿಡಿದು ಮದ್ದೂರಿನ ಅದೇ ತಗಡಿನವನ ಹತ್ತಿರ ಹೋದೆ. ಅವನು ನನ್ನ ಗುರುತು ಹಿಡಿದ.

"ಎಲ್ಡ್ನೇ ಜೊತೆ ಸರಿ ಬಂದ್ವಾ ಅವ್ವ?"

"ಯಾವ ಎಲ್ಡ್ನೇ ಜೊತೆ?"

"ನಿಮ್ ಓರಗಿತ್ತೀರು ಬಂದಿದ್ರಲ್ಲ. ಮೂರನ್ನೂ ತಂದು, ಇದರಂಗೇ ಇನ್ನೊಂದ್ ಜೊತೆ ಮಾಡ್ಕೊಡು ಅಂದ್ರು. ನೀವೇ ಕಳ್ಸಿದ್ದೀರಿ ಅಂದ್ರು. ನಿಮ್ಗೆ ಎರಿಗೆ ಆಗಿ ಎಂಟತ್ತು ದಿನ ಆಗಿತ್ತಂತೆ."

ಆ ದಿನ ನನಗೆ ನೆನಪಿದೆ. ಅವಳು ಮಗು ನೋಡಲು ಬಂದಿದ್ದಳು. ಬಾಣಂತಿಗೆ ಅಂತ ಮೆಣಸು, ಬೆಳ್ಳುಳ್ಳಿ, ಬೆಲ್ಲ ತಂದಿದ್ದಳು. ನನ್ನ ಕಾಲಿಗೆ ಎಣ್ಣೆ ತಿಕ್ಕಿದ್ದಳು. ಅದೇ ಚೀಲದ ತಳದಲ್ಲಿ ನನ್ನ ಡಬ್ಬಿಗಳಿದ್ದವು.

ತಪ್ಪು ನನ್ನದೂ ಇದೆ, ಇಲ್ಲ ಅನ್ನುವುದಿಲ್ಲ. ಪುಡಿಯನ್ನೇ ಅಳೆದು ಗಂಟು ಕಟ್ಟಿ ಕೊಟ್ಟಿದ್ದರೆ ಮೂರು ಊಟಕ್ಕೆ ತೀರಿ ಹೋಗುತ್ತಿತ್ತು. ನಾನು ತೀರದಂಥದ್ದನ್ನು ಮಾಡಿಕೊಟ್ಟೆ. ನನ್ನ ಕೈ ಡಬ್ಬಿಯೊಳಗೆ ಕೂತುಬಿಟ್ಟಿತು. ಇನ್ನು ಕುರಿ ಎಷ್ಟು, ಎಲೆ ಎಷ್ಟು ಅಂತ ಕೇಳಲು ಬಾಯಿ ಇದ್ದರೆ ಸಾಕು. ವಾಪಸು ಕೊಟ್ಟಳು ಅಂತ ನಾನು ಹಿಗ್ಗಿದ್ದು ಬರೀ ತಗಡಿಗೆ.

ಊರಿಗೆ ಬಂದವಳೇ ಕೇಳಿದೆ. ಅವಳು ಹಟ್ಟಿ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು.

"ಯಾಕಮ್ಮಿ ಇಂಗ್ ಮಾಡ್ದೆ?"

"ಏನ್ ಮಾಡ್ದೆ? ನಿಂದು ನಿಂಗೆ ಕೊಡ್ನಿಲ್ವಾ?"

"ನನ್ನ ಒಂದ್ ಮಾತು ಕೇಳ್ಬೋದಾಗಿತ್ತು."

"ಕೇಳಿದ್ರೆ ಕೊಡ್ತಿದ್ದಾ?"

ಕೊಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಕೇರುವುದನ್ನು ನಿಲ್ಲಿಸದೆ ಅಂದಳು, "ನಿಂಗೆ ಮಗ ಉಟ್ದ. ನಂಗೊಂದ್ ಗಾಡಿ ಬಂದ್ರೆ ನಿನ್ ಕಣ್ಣು ಯಾಕ್ ಉರೀಬೇಕು, ಬುಡು."

ಮಾತು ಬಿಟ್ಟೆ. ಒಂದೇ ಮನೆ, ಒಂದೇ ಒಲೆ. ಎಷ್ಟು ದಿನ ಬಿಡಲಾದೀತು?

ವರ್ಷ ತುಂಬಿದ ಮೇಲೆ ನನ್ನ ಮಗನ ಕೂದಲು ತೆಗೆಸಿದೆವು. ಮನೆಯಲ್ಲೇ ಊಟ. ನನ್ನ ಗಂಡ ಬಂಡೂರಿಗೆ ಹೋಗಿ ಎರಡು ಕುರಿ ಹೊಡೆದುಕೊಂಡು ಬಂದಿದ್ದರು. ಬೇರೆಯವರ ಮನೆ ಹೋಗಲಿ, ಇದು ನನ್ನ ಮಗನ ಊಟ. ಬೆಳಗ್ಗೆ ಎದ್ದು ಡಬ್ಬಿ ತೊಳೆದಿಟ್ಟು ಅತ್ತೆಯನ್ನು ಕೇಳಿದೆ, "ಎಲೆ ಎಷ್ಟಾಯ್ತವೆ ಅತ್ತೆ?"

"ನಿಂಗ್ಯಾಕೆ ಅದು? ಅವ್ಳು ಆಗ್ಲೇ ಅಳ್ದಾಯ್ತು. ನೀನು ಮಗ ಎತ್ಕಂಡ್ ಮಣೆ ಮ್ಯಾಲೆ ಕುಂತ್ಕೊ."

ಕೂತೆ. ಹೊಸ ಸೀರೆ ಉಡಿಸಿ ಕೂರಿಸಿದರು. ಹಿತ್ತಲಿಂದ ವಾಸನೆ ಬರುತ್ತಿತ್ತು.

ಊಟಕ್ಕೆ ನನ್ನನ್ನೂ ನೆಂಟರ ಸಾಲಿನಲ್ಲೇ ಕೂರಿಸಿದರು. ಮುದ್ದೆ ಮುರಿದು ಸಾರಿಗೆ ಅದ್ದಿದೆ. ಖಾರ ಹೆಚ್ಚಾಗಿರಲಿ, ಚಕ್ಕೆ ಮೂಗಿಗೆ ಹೊಡೆಯಲಿ ಅಂತ ಬೇಡಿಕೊಂಡೇ ನುಂಗಿದೆ. ಏನೂ ಇಲ್ಲ. ಚಿಟಿಕೆಯಷ್ಟೂ ಆಚೀಚೆ ಇಲ್ಲ. ನಾನು ಮಾಡಿದ್ದೇ.

"ಎಂಗದೆ ಅಕ್ಕ?" ಅಂದಳು ಬಡಿಸುತ್ತಿದ್ದ ಓರಗಿತ್ತಿ, ನಾಲ್ಕು ಜನ ಕೇಳುವ ಹಾಗೆ.

"ಚೆನ್ನಾಗದೆ" ಅಂದೆ.

ನನ್ನ ಪಕ್ಕದ ಎಲೆಯ ಮುದುಕಿ ಬೆರಳು ಚೀಪುತ್ತಾ ಅವಳಿಗೆ ಹೇಳಿದಳು, "ನಿನ್ ಕೈ ರುಚೀನೇ ಬ್ಯಾರೆ ಕಣವ್ವ."

ಅವಳು ನನ್ನ ಮುಖ ನೋಡಲಿಲ್ಲ. ಮುದುಕಿಯ ಎಲೆಗೆ ಇನ್ನೊಂದು ಸೌಟು ಬಡಿಸಿ ಮುಂದಕ್ಕೆ ಹೋದಳು.